ಕಡೆಯ ಗಳಿಗೆಯ ಕತ್ತರಿ

ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳು. ಒಂದು ರಾತ್ರಿ ಸರ್ವರ್ ಕೋಣೆಯಲ್ಲಿ ಕೂತು ಟಿಸಿಪಿಡಂಪ್ ನೋಡುತ್ತಿದ್ದೆ. ಕಂಪ್ಯೂಟರಿನಿಂದ ಹೊರಡುವ, ಅದಕ್ಕೆ ಬಂದು ಸೇರುವ ಪ್ರತಿ ಪ್ಯಾಕೆಟ್ಟನ್ನೂ ಒಂದೊಂದು ಸಾಲಾಗಿ ಪರದೆಗೆ ತರುವ ತಂತ್ರಾಂಶ ಅದು. ಫೈಲುಗಳು ನಿಧಾನವಾಗಿ ಹೋಗುತ್ತಿವೆ ಎಂಬ ದೂರಿನ ಬೆನ್ನು ಹತ್ತಿದ್ದೆ. ಸಾಲುಗಳು ಸರಸರನೆ ಓಡುತ್ತಿದ್ದಾಗ ಒಂದು ಅಂಕಿ ಕಣ್ಣಿಗೆ ಚುಚ್ಚಿತು. ಹೊರಗೆ ಹೋಗುತ್ತಿರುವ ಪ್ಯಾಕೆಟ್ಟಿನ ಉದ್ದ 14480 ಬೈಟ್.

ಈಥರ್‌ನೆಟ್ ಕೇಬಲ್ಲಿನಲ್ಲಿ ಒಂದು ಸಲಕ್ಕೆ 1500 ಬೈಟ್‌ಗಿಂತ ಹೆಚ್ಚು ಹೋಗುವಂತಿಲ್ಲ ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಇಲ್ಲಿ ನೋಡಿದರೆ ಅದರ ಹತ್ತಿರ ಹತ್ತರಷ್ಟು ದೊಡ್ಡದೊಂದು ಪ್ಯಾಕೆಟ್, ಯಾರೂ ತಡೆಯದೆ, ಏನೂ ತಪ್ಪಾಗದೆ ಹೊರಟಿದೆ. ಮೇಲೆ ಕೆಳಗೆ ಹುಡುಕಿದೆ. 2896, 7240, ಮತ್ತೆ 14480. ಕಾಗದದಲ್ಲಿ ಭಾಗಿಸಿ ನೋಡಿದರೆ ಎಲ್ಲವೂ 1448ರ ಗುಣಕಗಳು. ಎರಡರಷ್ಟು, ಐದರಷ್ಟು, ಹತ್ತರಷ್ಟು. ಆ 1448 ಎಲ್ಲಿಂದ ಬಂತೆಂಬುದು ಗೊತ್ತಿತ್ತು. 1500ರಲ್ಲಿ ಐಪಿ ಹೆಡರ್‌ಗೆ 20 ಬೈಟ್, ಟಿಸಿಪಿ ಹೆಡರ್‌ಗೆ 20, ಸಮಯದ ಮುದ್ರೆಗೆ 12 ಕಳೆದರೆ ಉಳಿಯುವುದು ಅಷ್ಟೇ. ಅಂದರೆ ಹತ್ತು ಪ್ಯಾಕೆಟ್ಟಿನ ಸರಕನ್ನು ಯಾರೋ ಒಂದೇ ಗಂಟಾಗಿ ಕಟ್ಟಿದ್ದಾರೆ.

ಹಿರಿಯ ಸಹೋದ್ಯೋಗಿಯೊಬ್ಬರನ್ನು ಕರೆದೆ. ಅವರು ಏನೂ ಹೇಳದೆ ಒಂದು ಹಳೆಯ ಲ್ಯಾಪ್‌ಟಾಪ್ ತಂದರು. ಅದರ ನೆಟ್‌ವರ್ಕ್ ಕಾರ್ಡಿನ ನಾಲ್ಕಾರು ಸೌಲಭ್ಯಗಳನ್ನು ಆಫ್ ಮಾಡಿ, ಸ್ವಿಚ್ಚಿನಲ್ಲಿ ಸಾಗುವ ಸರಕಿನ ನಕಲು ಸಿಗುವ ಮಿರರ್ ಪೋರ್ಟ್‌ಗೆ ಸಿಕ್ಕಿಸಿದರು. ಈಗ ಅದೇ ಸರಕು ಕೇಬಲ್ಲಿನ ಮೇಲೆ ಹೇಗಿದೆಯೋ ಹಾಗೆಯೇ ಕಂಡಿತು. 1448, 1448, 1448. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಡಲು, ಬಿಟ್ಟು ಹೊರಟಾಗ ಒಂದೇ ಪ್ಯಾಕೆಟ್, ಕೇಬಲ್ ಮುಟ್ಟುವಾಗ ಹತ್ತು. ನಡುವೆ ಎಲ್ಲೋ ಒಂದು ಕತ್ತರಿ ಕೆಲಸ ಮಾಡಿದೆ. ಸರ್ವರಿನ ಟಿಸಿಪಿಡಂಪ್ ಕೂತಿರುವುದು ಕತ್ತರಿಯ ಈಚೆ ಬದಿಯಲ್ಲಿ, ಲ್ಯಾಪ್‌ಟಾಪ್ ಇರುವುದು ಆಚೆ ಬದಿಯಲ್ಲಿ. ನಿಧಾನಗತಿಗೆ ಕಾರಣ ಬೇರೆ ಏನೋ ಆಗಿತ್ತು, ಮರುದಿನ ಸಿಕ್ಕಿತು. ಆದರೆ ಆ ಕತ್ತರಿ ಮಾತ್ರ ನನ್ನ ತಲೆಯಿಂದ ಇವತ್ತಿನವರೆಗೂ ಇಳಿದಿಲ್ಲ.

ಕತ್ತರಿ ಏಕೆ ಬೇಕು ಎಂದು ತಿಳಿಯಲು 1500ರ ಹುಟ್ಟಿಗೆ ಹೋಗಬೇಕು. 1973ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್‌ನೆಟ್ ಕಟ್ಟತೊಡಗಿದಾಗ, ಒಂದೇ ಕೇಬಲ್ಲಿಗೆ ಎಲ್ಲ ಕಂಪ್ಯೂಟರುಗಳೂ ಅಂಟಿಕೊಂಡಿದ್ದವು. ಒಂದು ಮಾತಾಡುವಾಗ ಉಳಿದವೆಲ್ಲ ಸುಮ್ಮನಿರಬೇಕು. ಹಾಗಾಗಿ ಯಾರೂ ಮಾತು ಲಂಬಿಸುವಂತಿರಲಿಲ್ಲ. ಬಂದ ಪ್ಯಾಕೆಟ್ಟನ್ನು ಇಟ್ಟುಕೊಳ್ಳಲು ಕಾರ್ಡಿನಲ್ಲಿ ಬೇಕಾಗುವ ಮೆಮೊರಿಯೂ ಆಗ ದುಬಾರಿ. 1980ರಲ್ಲಿ ಡಿಜಿಟಲ್, ಇಂಟೆಲ್, ಝೆರಾಕ್ಸ್ ಸೇರಿ ಸೆಕೆಂಡಿಗೆ 10 ಮೆಗಾಬಿಟ್ ವೇಗದ ಈಥರ್‌ನೆಟ್ ಮಾನಕ ಹೊರಡಿಸಿದಾಗ, ಒಂದು ಚೌಕಟ್ಟಿನೊಳಗೆ ಹೆಚ್ಚೆಂದರೆ 1500 ಬೈಟ್ ಎಂದು ಗೆರೆ ಎಳೆದರು. ಆ ವೇಗದಲ್ಲಿ 1500 ಬೈಟ್ ದಾಟಲು 1.2 ಮಿಲಿಸೆಕೆಂಡ್ ಸಾಕು. ಉಳಿದವರು ಕಾಯಬಹುದಾದಷ್ಟೇ ಹೊತ್ತು.

ಹಂಚಿಕೊಂಡ ಕೇಬಲ್ ಹೋಯಿತು, ಸ್ವಿಚ್ ಬಂತು. ಮೆಮೊರಿ ಅಗ್ಗವಾಯಿತು. ವೇಗ 10 ಮೆಗಾಬಿಟ್‌ನಿಂದ 100 ಗಿಗಾಬಿಟ್‌ಗೆ, ಅಂದರೆ ಹತ್ತು ಸಾವಿರ ಪಟ್ಟು ಏರಿತು. 1500 ಮಾತ್ರ ಅಲ್ಲಾಡಲಿಲ್ಲ. ಬದಲಿಸಬೇಕೆಂದರೆ ದಾರಿಯಲ್ಲಿರುವ ಪ್ರತಿ ಕಾರ್ಡು, ಪ್ರತಿ ಸ್ವಿಚ್ಚು, ಪ್ರತಿ ರೂಟರೂ ಒಟ್ಟಿಗೆ ಬದಲಾಗಬೇಕು. ನಡುವೆ ಒಂದು ಹಳೆಯದು ಉಳಿದುಕೊಂಡರೂ ದೊಡ್ಡ ಪ್ಯಾಕೆಟ್ ಅಲ್ಲಿಯೇ ಬಿದ್ದುಹೋಗುತ್ತದೆ. 9000 ಬೈಟಿನ ಜಂಬೊ ಫ್ರೇಮ್ ಎಂಬುದು ಬಂದಿದೆ ನಿಜ. ಒಂದೇ ಆಡಳಿತದ ಡೇಟಾ ಸೆಂಟರುಗಳ ಒಳಗೆ ಅದು ಸಲೀಸಾಗಿ ಓಡಾಡುತ್ತದೆ. ಬಾಗಿಲು ದಾಟಿ ಇಂಟರ್ನೆಟ್ಟಿಗೆ ಬಂದರೆ ಮತ್ತೆ 1500.

ಇದರ ಭಾರ ಬೀಳುವುದು ಕರ್ನಲ್ಲಿನ ಮೇಲೆ. ಲೆಕ್ಕ ಹಾಕಿ. 1500 ಬೈಟಿನ ಪ್ರತಿ ಪ್ಯಾಕೆಟ್ಟಿಗೂ ಮುಂದಿನ ಚೌಕಟ್ಟು, ಹಿಂದಿನ ಕಾವಲು ಅಂಕಿ, ಮಧ್ಯದ ಖಾಲಿ ಜಾಗ ಎಲ್ಲ ಸೇರಿ ಕೇಬಲ್ ಮೇಲೆ 1538 ಬೈಟಿನ ಹೊತ್ತು ಬೇಕು. 10 ಮೆಗಾಬಿಟ್ ಕೇಬಲ್ ತುಂಬಲು ಸೆಕೆಂಡಿಗೆ 812 ಪ್ಯಾಕೆಟ್ ಸಾಕಿತ್ತು. 1 ಗಿಗಾಬಿಟ್‌ಗೆ 81 ಸಾವಿರ. 10 ಗಿಗಾಬಿಟ್‌ಗೆ ಎಂಟು ಲಕ್ಷ. 100 ಗಿಗಾಬಿಟ್‌ಗೆ 81 ಲಕ್ಷ. ಕೊನೆಯದರಲ್ಲಿ ಒಂದು ಪ್ಯಾಕೆಟ್ಟಿಗೆ ಸಿಗುವುದು ಸುಮಾರು 123 ನ್ಯಾನೊಸೆಕೆಂಡ್. ಪ್ರೊಸೆಸರ್ ತನ್ನ ಮುಖ್ಯ ಮೆಮೊರಿಗೆ ಒಂದೆರಡು ಸಲ ಹೋಗಿಬರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ.

ಅಷ್ಟರಲ್ಲಿ ಏನೇನು ಆಗಬೇಕು? ಲಿನಕ್ಸ್ ಕರ್ನಲ್ ಪ್ರತಿ ಪ್ಯಾಕೆಟ್ಟಿಗೂ ಒಂದು ಕಡತ ತೆರೆಯುತ್ತದೆ ಎಂದುಕೊಳ್ಳಿ. ಕರ್ನಲ್ ಬರೆಯುವವರು ಅದನ್ನು ಎಸ್‌ಕೆಬಫ್ ಎನ್ನುತ್ತಾರೆ. ಆ ಕಡತ ಟಿಸಿಪಿಯ ಮೇಜಿನಲ್ಲಿ ಕ್ರಮಸಂಖ್ಯೆ ಪಡೆಯಬೇಕು, ಐಪಿಯ ಮೇಜಿನಲ್ಲಿ ವಿಳಾಸ ಬರೆಸಿಕೊಳ್ಳಬೇಕು, ಯಾವ ದಾರಿ ಎಂದು ಕೇಳಬೇಕು, ಫೈರ್‌ವಾಲ್‌ನ ಮುಂದೆ ನಿಂತು ತಪಾಸಣೆ ಮಾಡಿಸಿಕೊಳ್ಳಬೇಕು, ಸರತಿಯಲ್ಲಿ ನಿಲ್ಲಬೇಕು, ಕಡೆಗೆ ಕಾರ್ಡಿನ ಚಾಲಕ ತಂತ್ರಾಂಶದ ಕೈ ಸೇರಬೇಕು. ಪ್ರತಿ ಮೇಜಿನಲ್ಲೂ ಬೀಗ ತೆಗೆಯುವುದು, ಪಟ್ಟಿ ನೋಡುವುದು, ರುಜು ಹಾಕುವುದು. ಈ ಶ್ರಮ ಕಡತದ ಒಳಗೆ ಎಷ್ಟು ಹಾಳೆ ಇದೆ ಎಂಬುದನ್ನು ನೋಡುವುದಿಲ್ಲ. ಎರಡು ಹಾಳೆಯ ಕಡತವೂ ಅಷ್ಟೇ ಮೇಜು ದಾಟಬೇಕು, ನಲವತ್ತು ಹಾಳೆಯದ್ದೂ ಅಷ್ಟೇ. ನೆಟ್‌ವರ್ಕಿನ ವೆಚ್ಚ ಬಹುಪಾಲು ಬೈಟಿನ ಲೆಕ್ಕದ್ದಲ್ಲ, ಪ್ಯಾಕೆಟ್ಟಿನ ಲೆಕ್ಕದ್ದು. ಈ ಅಧ್ಯಾಯದಲ್ಲಿ ಹೇಳುವ ಎಲ್ಲ ಉಪಾಯವೂ ಇದೊಂದು ಮಾತಿನಿಂದ ಹುಟ್ಟಿದೆ.

ಒಂದು ಪರಿಹಾರ ಎಲ್ಲರಿಗೂ ಮೊದಲು ಹೊಳೆಯುವಂಥದ್ದು. ಟಿಸಿಪಿಯ ಕೆಲಸವನ್ನೇ ಪೂರ್ತಿಯಾಗಿ ಕಾರ್ಡಿಗೆ ಒಪ್ಪಿಸಿಬಿಡುವುದು. 2000ದ ದಶಕದ ಮೊದಲ ವರ್ಷಗಳಲ್ಲಿ ಇಂಥ ಕಾರ್ಡುಗಳು ಮಾರುಕಟ್ಟೆಗೆ ಬಂದವು. ವಿಂಡೋಸ್ ಅದಕ್ಕೆ ದಾರಿ ಮಾಡಿಕೊಟ್ಟಿತು. ಲಿನಕ್ಸ್ ಬಳಗ ಒಪ್ಪಲಿಲ್ಲ. 2005ರಲ್ಲಿ ಈ ಬಗ್ಗೆ ಜೋರು ಚರ್ಚೆಯಾಗಿ, ಬಂದ ತೇಪೆಗಳನ್ನು ತಿರಸ್ಕರಿಸಲಾಯಿತು. ಅವರ ಆಕ್ಷೇಪಗಳನ್ನು ನಾನು ಈಗಲೂ ಸರಿ ಎನ್ನುತ್ತೇನೆ. ಟಿಸಿಪಿ ಸಂಪರ್ಕದ ಮಾತುಕತೆ ಪೂರಾ ಕಾರ್ಡಿನೊಳಗೆ ನಡೆದರೆ ಫೈರ್‌ವಾಲ್‌ಗೆ ಅದು ಕಾಣುವುದಿಲ್ಲ. ಅದರಲ್ಲಿ ಭದ್ರತೆಯ ದೋಷ ಕಂಡರೆ ತಿದ್ದಬೇಕಾದವರು ಕಾರ್ಡಿನ ಕಂಪನಿಯವರು. ಅವರು ತಿದ್ದುವವರೆಗೆ ಕಾಯಬೇಕು, ಕಂಪನಿ ಮುಚ್ಚಿದರೆ ಅದೂ ಇಲ್ಲ. ಕಾರ್ಡಿನ ಮೆಮೊರಿ ಹಿಡಿದಷ್ಟೇ ಸಂಪರ್ಕ. ಮೇಲಾಗಿ ಪ್ರೊಸೆಸರುಗಳ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದರಿಂದ, ಇಂದು ಜಾಣನೆನಿಸಿದ ಕಾರ್ಡು ನಾಳೆ ಮಂದಗತಿಯದಾಗುತ್ತಿತ್ತು. ಇದೇ ವಿಷಯದ ಮೇಲೆ 2003ರಲ್ಲಿ ಜೆಫ್ರಿ ಮೊಗಲ್ ಬರೆದ ಪ್ರಬಂಧ, ಟಿಸಿಪಿಯನ್ನು ಕಾರ್ಡಿಗೆ ಹೊರಿಸುವ ಯೋಚನೆ ಅಲ್ಲಿಯವರೆಗೆ ಏಕೆ ಸೋಲುತ್ತಾ ಬಂತು ಎಂಬುದನ್ನು ತಾಳ್ಮೆಯಿಂದ ಬಿಡಿಸಿಡುತ್ತದೆ.

ಲಿನಕ್ಸ್ ಒಪ್ಪಿಕೊಂಡದ್ದು ಇದಕ್ಕಿಂತ ಬಹಳ ಸಣ್ಣ ಸಹಾಯ. ಟಿಸಿಪಿಯ ಬುದ್ಧಿಯೆಲ್ಲ ಕರ್ನಲ್ಲಿನಲ್ಲೇ ಇರಲಿ. ಎಷ್ಟು ಕಳಿಸಬೇಕು, ಯಾವಾಗ ಕಳಿಸಬೇಕು, ಕಳೆದುಹೋದರೆ ಏನು, ಎಲ್ಲ ಅದರ ತೀರ್ಮಾನ. ಕಾರ್ಡು ಕತ್ತರಿಸಲಿ, ಅಷ್ಟೇ. ಇದರ ಹೆಸರು ಟಿಸಿಪಿ ಸೆಗ್ಮೆಂಟೇಶನ್ ಆಫ್‌ಲೋಡ್, ಬಾಯಿಮಾತಿನಲ್ಲಿ ಟಿಎಸ್‌ಒ. ವಿಂಡೋಸ್ 2000ದಲ್ಲಿ ಇದು ಲಾರ್ಜ್ ಸೆಂಡ್ ಆಫ್‌ಲೋಡ್ ಎಂಬ ಹೆಸರಲ್ಲಿ ಇತ್ತು. ಲಿನಕ್ಸಿಗೆ 2002ರಲ್ಲಿ, 2.5 ಸರಣಿಯ ಕರ್ನಲ್ಲಿನಲ್ಲಿ ಬಂತು. ಮೊದಲು ಕಲಿತದ್ದು ಇಂಟೆಲ್‌ನ ಗಿಗಾಬಿಟ್ ಕಾರ್ಡಿನ ಚಾಲಕ ತಂತ್ರಾಂಶ.

ಈ ಕೆಲಸ ಎಷ್ಟು ಸರಳ ಎಂಬುದೇ ನನಗೆ ಬೆರಗು. ಕರ್ನಲ್ 64 ಕಿಲೊಬೈಟ್‌ವರೆಗಿನ ಒಂದು ದೊಡ್ಡ ಗಂಟು ಕಟ್ಟುತ್ತದೆ. 1448ರ 45 ತುಂಡು ಸೇರಿದರೆ 65160. ಗಂಟಿನ ತಲೆಗೆ ಒಂದೇ ಒಂದು ಹೆಡರ್. ಜೊತೆಗೆ ಒಂದು ಚೀಟಿ: ಇದನ್ನು 1448ರಂತೆ ಕತ್ತರಿಸು. ಕಾರ್ಡು ಆ ಹೆಡರನ್ನು ಅಚ್ಚಿನಂತೆ ಬಳಸುತ್ತದೆ. ಮೊದಲ ತುಂಡಿಗೆ ಅದನ್ನು ಹಚ್ಚುತ್ತದೆ. ಎರಡನೆಯದಕ್ಕೆ ಹಚ್ಚುವಾಗ ಟಿಸಿಪಿ ಕ್ರಮಸಂಖ್ಯೆಗೆ 1448 ಕೂಡಿಸುತ್ತದೆ, ಐಪಿ ಗುರುತಿನ ಸಂಖ್ಯೆಗೆ ಒಂದು ಕೂಡಿಸುತ್ತದೆ, ಉದ್ದವನ್ನು ತಿದ್ದುತ್ತದೆ, ಚೆಕ್‌ಸಮ್ ಹೊಸದಾಗಿ ಎಣಿಸುತ್ತದೆ. ಮೂರನೆಯದಕ್ಕೂ ಹಾಗೆಯೇ. ಸಂಪರ್ಕ ಮುಗಿಯಿತು ಎಂದು ಸಾರುವ ಗುರುತು ಇದ್ದರೆ ಅದನ್ನು ಕೊನೆಯ ತುಂಡಿಗೆ ಮಾತ್ರ ಹಚ್ಚಬೇಕು, ಮೊದಲಿನವಕ್ಕೆ ಹಚ್ಚಿದರೆ ಅನಾಹುತ. ಇಷ್ಟೇ ಕೆಲಸ. ಸಂಕಲನ, ನಕಲು, ಸಂಕಲನ. ಸಿಲಿಕಾನ್ ಚೂರಿಗೆ ಇದು ನೀರು ಕುಡಿದಷ್ಟು ಸಲೀಸು. ಕರ್ನಲ್ಲಿನಲ್ಲಿ 45 ಕಡತದ ಬದಲು ಒಂದೇ ಕಡತ ಮೇಜು ದಾಟುತ್ತದೆ.

ಹೊರಡುವ ಪ್ಯಾಕೆಟ್ಟಿನ ಚೆಕ್‌ಸಮ್ ತಪ್ಪಾಗಿದೆ ಎಂದು ಟಿಸಿಪಿಡಂಪ್ ಆಗಾಗ ದೂರುವುದೂ ಇದಕ್ಕೇ. ಚೆಕ್‌ಸಮ್ ತುಂಬುವ ಕಾರ್ಡು ಇನ್ನೂ ಮುಂದಿದೆ. ಟಿಸಿಪಿಡಂಪ್ ನೋಡಿದಾಗ ಅದರ ಜಾಗದಲ್ಲಿ ಅರ್ಧ ಲೆಕ್ಕ ಮಾತ್ರ ಇರುತ್ತದೆ.

ಇಲ್ಲಿಯವರೆಗೂ ಇದು ಯಂತ್ರಾಂಶದ ಕಥೆ. 2006ರಲ್ಲಿ ಹರ್ಬರ್ಟ್ ಷು ಎಂಬ ಕರ್ನಲ್ ಪರಿಣತರು ಇದನ್ನು ಬೇರೆ ಕಡೆಯಿಂದ ನೋಡಿದರು. ಲಿನಕ್ಸ್ ಪ್ಯಾಕೆಟ್ ಸಾಗಣೆಯ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ಇದು. ಟಿಎಸ್‌ಒದಿಂದ ಬರುವ ಲಾಭ ನಿಜಕ್ಕೂ ಎಲ್ಲಿಂದ ಬರುತ್ತಿದೆ ಎಂಬುದೇ ಅವರ ಪ್ರಶ್ನೆ. ಕಾರ್ಡು ಕತ್ತರಿಸುವುದರಿಂದಲೇ? ಅಥವಾ ಮೇಜುಗಳನ್ನು 45 ಸಲದ ಬದಲು ಒಂದೇ ಸಲ ದಾಟುವುದರಿಂದಲೇ? ಎರಡನೆಯದೇ ದೊಡ್ಡ ಪಾಲು ಎಂದಾದರೆ, ಕತ್ತರಿ ಕಾರ್ಡಿನಲ್ಲೇ ಇರಬೇಕೆಂದೇನೂ ಇಲ್ಲ. ಕತ್ತರಿಸುವುದು ತಡವಾದರೆ ಸಾಕು. ಎಲ್ಲ ಮೇಜು ದಾಟಿದ ಮೇಲೆ, ಚಾಲಕ ತಂತ್ರಾಂಶಕ್ಕೆ ಕೊಡುವ ಮುಂಚಿನ ಕೊಟ್ಟ ಕೊನೆಯ ಹೆಜ್ಜೆಯಲ್ಲಿ, ಕಾರ್ಡಿಗೆ ಕತ್ತರಿಸಲು ಬರುತ್ತದೆಯೇ ಎಂದು ಕೇಳುವುದು. ಬರುತ್ತದೆ ಎಂದರೆ ಗಂಟನ್ನು ಹಾಗೆಯೇ ಕೊಡುವುದು. ಬರುವುದಿಲ್ಲ ಎಂದರೆ ಅಲ್ಲಿಯೇ, ಪ್ರೊಸೆಸರಿನಲ್ಲಿಯೇ ಕತ್ತರಿಸುವುದು.

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ನೋಡಿದವರಿಗೆ ಇದು ಹೊಸತಲ್ಲ. ಕೊನೆಗಾರ ಮರದ ತುದಿಯಲ್ಲಿ ಕೂತು ಒಂದೊಂದೇ ಅಡಿಕೆ ಬಿಡಿಸುವುದಿಲ್ಲ. ಕೊನೆಯನ್ನು ಇಡಿಯಾಗಿ ಇಳಿಸುತ್ತಾನೆ, ತೋಟದಿಂದ ಮನೆಗೆ ಇಡಿಯಾಗಿಯೇ ಬರುತ್ತದೆ. ಬಿಡಿಸುವುದು, ಸುಲಿಯುವುದು ಎಲ್ಲ ಅಂಗಳದಲ್ಲಿ. ಬಿಡಿಸುವ ಶ್ರಮ ಎಲ್ಲಿ ಮಾಡಿದರೂ ಅಷ್ಟೇ. ಆದರೆ ಮರದ ಮೇಲೆಯೇ ಬಿಡಿಸಿದ್ದರೆ ಒಂದೊಂದನ್ನೂ ಹೊತ್ತು ತರುವ ಶ್ರಮ ಅದರ ಮೇಲೆ ಸೇರುತ್ತಿತ್ತು.

ಜೆನೆರಿಕ್ ಸೆಗ್ಮೆಂಟೇಶನ್ ಆಫ್‌ಲೋಡ್, ಅಂದರೆ ಜಿಎಸ್‌ಒ ಎಂಬ ಹೆಸರಿನಲ್ಲಿ ಇದು 2.6.18ನೆಯ ಕರ್ನಲ್ಲಿಗೆ ಸೇರಿತು. ಕತ್ತರಿಸಲು ಬಾರದ ಕಾರ್ಡಿಗೂ ಲಾಭ ಸಿಗುವಂತಾಯಿತು. ಅದಕ್ಕಿಂತ ದೊಡ್ಡ ಲಾಭ ಬೇರೆ. ಕರ್ನಲ್ಲಿನ ಮೇಲಿನ ಪದರಗಳು ಇನ್ನು ಮುಂದೆ ಕಾರ್ಡಿನ ಯೋಗ್ಯತೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದೊಡ್ಡ ಗಂಟೇ ರೂಢಿ, ಕತ್ತರಿಸುವುದು ಕಡೆಯ ಗಳಿಗೆಯ ವಿವರ. ಒಂದೇ ಯಂತ್ರದೊಳಗೆ ಎರಡು ವರ್ಚುವಲ್ ಕಂಪ್ಯೂಟರುಗಳು ಮಾತಾಡಿಕೊಳ್ಳುವಾಗ ಇದರ ಚೆಲುವು ಪೂರ್ತಿ ಕಾಣುತ್ತದೆ. ಗಂಟು ಒಂದರಿಂದ ಹೊರಟು ಇನ್ನೊಂದನ್ನು ಸೇರುತ್ತದೆ, ನಡುವೆ ಕೇಬಲ್ಲೇ ಇಲ್ಲ. ಹಾಗಾಗಿ ಕತ್ತರಿಸುವ ಗಳಿಗೆ ಬರುವುದೇ ಇಲ್ಲ. ಇಡೀ 64 ಕಿಲೊಬೈಟ್ ಗಂಟು ಬಿಚ್ಚದೆ ತಲುಪುತ್ತದೆ. ಮುಂದೂಡಿದ ಕೆಲಸ ಮಾಡಬೇಕಾಗಿಯೇ ಬರಲಿಲ್ಲ.

ಪಡೆಯುವ ಕಡೆಯ ಪಾಡು ಇದಕ್ಕಿಂತ ಕಷ್ಟದ್ದು. ಕಳಿಸುವವನಿಗೆ ತಾನು ಏನು ಕಳಿಸುತ್ತಿದ್ದೇನೆಂದು ಗೊತ್ತು. ಪಡೆಯುವವನಿಗೆ ಕೇಬಲ್ಲಿನಿಂದ ತುಂಡುಗಳು ಬರುತ್ತಲೇ ಇರುತ್ತವೆ, ನೂರು ಸಂಪರ್ಕಗಳದ್ದು ಬೆರೆತು. ಒಂದೇ ಸಂಪರ್ಕದ ಅಕ್ಕಪಕ್ಕದ ತುಂಡುಗಳನ್ನು ಬಾಗಿಲಲ್ಲೇ ಹೊಲಿದು ಒಂದು ಕಡತ ಮಾಡಿ ಒಳಗೆ ಕಳಿಸಿದರೆ ಇಲ್ಲೂ ಅದೇ ಉಳಿತಾಯ. ಮೊದಲು ಬಂದ ಉಪಾಯ ಎಲ್‌ಆರ್‌ಒ, ಲಾರ್ಜ್ ರಿಸೀವ್ ಆಫ್‌ಲೋಡ್. ಅದು ಧಾರಾಳವಾಗಿ ಹೊಲಿಯುತ್ತಿತ್ತು. ಹೊಲಿಯುವಾಗ ಒಂದೊಂದು ತುಂಡಿನ ಹೆಡರಿನಲ್ಲಿದ್ದ ಸಣ್ಣ ವ್ಯತ್ಯಾಸಗಳು ಅಳಿದುಹೋಗುತ್ತಿದ್ದವು. ಸರಕು ಇದೇ ಕಂಪ್ಯೂಟರಿಗೆ ಬಂದದ್ದಾದರೆ ನಡೆಯುತ್ತದೆ. ಆದರೆ ಈ ಕಂಪ್ಯೂಟರ್ ರೂಟರಾಗಿಯೋ ಬ್ರಿಡ್ಜಾಗಿಯೋ ದುಡಿಯುತ್ತಿದ್ದು, ಸರಕನ್ನು ಮುಂದಕ್ಕೆ ಸಾಗಿಸಬೇಕಾಗಿದ್ದರೆ? ಹೊಲಿದದ್ದನ್ನು ಮೊದಲಿದ್ದಂತೆ ಬಿಚ್ಚಲು ಬರುವುದಿಲ್ಲ. ಬೇರೆಯವರ ಪತ್ರವನ್ನು ದಾರಿಯಲ್ಲಿ ತಿದ್ದಿದಂತಾಯಿತು.

ಹರ್ಬರ್ಟ್ ಷು ಅವರೇ 2008ರ ಡಿಸೆಂಬರಿನಲ್ಲಿ ಇದಕ್ಕೆ ಜಿಆರ್‌ಒ ತಂದರು. ಜೆನೆರಿಕ್ ರಿಸೀವ್ ಆಫ್‌ಲೋಡ್. ಅದರ ನಿಯಮ ಬಿಗಿಯಾದದ್ದು. ಎರಡು ತುಂಡುಗಳ ಹೆಡರುಗಳು ಹೊಂದಬೇಕು, ಕ್ರಮಸಂಖ್ಯೆ ಒಂದರ ಬೆನ್ನಿಗೊಂದು ಇರಬೇಕು, ಸಮಯದ ಮುದ್ರೆ ಒಂದೇ ಆಗಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಹೊಲಿಗೆ ಅಲ್ಲಿಗೆ ನಿಲ್ಲುತ್ತದೆ. ಇಷ್ಟು ಬಿಗಿ ಏಕೆಂದರೆ, ಜಿಆರ್‌ಒ ಹೊಲಿದದ್ದನ್ನು ಜಿಎಸ್‌ಒ ಬಿಚ್ಚಿದರೆ ಮೂಲದ ತುಂಡುಗಳೇ ಸಿಗಬೇಕು. ಎರಡೂ ಒಂದಕ್ಕೊಂದು ಕನ್ನಡಿ. ಇದರಿಂದ ರೂಟರು ಸಹ ಹೊಲಿದು, ಒಂದೇ ಸಲ ಮೇಜು ದಾಟಿಸಿ, ಮತ್ತೆ ಬಿಚ್ಚಿ ಕಳಿಸಬಹುದು. ಕೇಬಲ್ಲಿನಲ್ಲಿ ಮುಂದಿರುವವರಿಗೆ ಏನೂ ಗೊತ್ತಾಗುವುದಿಲ್ಲ. ವೇಗದ ಆಸೆಗೆ ಪ್ರಾಮಾಣಿಕತೆಯನ್ನು ಬಿಟ್ಟುಕೊಡದ ವಿನ್ಯಾಸ ಇದು. ಆ ರಾತ್ರಿ ನನ್ನ ಸಹೋದ್ಯೋಗಿ ಹಳೆಯ ಲ್ಯಾಪ್‌ಟಾಪಿನಲ್ಲಿ ಆಫ್ ಮಾಡಿದ್ದರಲ್ಲಿ ಜಿಆರ್‌ಒ ಕೂಡ ಒಂದು. ಮಾಡದಿದ್ದರೆ ಕೇಬಲ್ಲಿನಿಂದ ಬಂದ ತುಂಡುಗಳನ್ನು ಅದೂ ಹೊಲಿದು, ಅಲ್ಲಿಯೂ ದೊಡ್ಡ ಅಂಕಿಗಳನ್ನೇ ತೋರಿಸುತ್ತಿತ್ತು. ನನ್ನ ಗೊಂದಲ ಇಮ್ಮಡಿಯಾಗುತ್ತಿತ್ತು.

ದೊಡ್ಡ ಗಂಟಿಗೆ ಅದರದೇ ತೊಂದರೆಯೂ ಇದೆ. ಡೇಟಾ ಸೆಂಟರಿನ 10 ಗಿಗಾಬಿಟ್ ಕೇಬಲ್ಲಿನಲ್ಲಿ 65160 ಬೈಟ್ ಹೋಗಲು ಮಿಲಿಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಹೊತ್ತು ಸಾಕು. ಮನೆಯ ಒಂದು ಹಳೆಯ ಸಂಪರ್ಕದಲ್ಲಿ, ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ, ಅದೇ ಗಂಟಿಗೆ ಅರ್ಧ ಸೆಕೆಂಡ್ ಬೇಕು. ಅಷ್ಟು ಹೊತ್ತು ಅದರ ಹಿಂದೆ ನಿಂತ ದೂರವಾಣಿ ಕರೆಯ ಧ್ವನಿ ಕಾಯುತ್ತಲೇ ಇರಬೇಕು. ಒಬ್ಬರೇ ಮಾತು ಲಂಬಿಸಬಾರದು ಎಂಬ 1980ರ ಕಾಳಜಿ ಬೇರೆ ಬಾಗಿಲಿನಿಂದ ವಾಪಸು ಬಂತು! 2013ರಲ್ಲಿ ಎರಿಕ್ ಡ್ಯುಮಾಜೆ 3.12ನೆಯ ಕರ್ನಲ್ಲಿಗೆ ಸೇರಿಸಿದ ತಿದ್ದುಪಡಿ ಇದನ್ನು ನಯವಾಗಿ ಬಗೆಹರಿಸಿತು. ಗಂಟಿನ ಗಾತ್ರವನ್ನು ಆಯಾ ಸಂಪರ್ಕದ ಅಂದಿನ ವೇಗ ನೋಡಿ ನಿರ್ಧರಿಸು, ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಸಾಗುವಷ್ಟು ಮಾತ್ರ ಕಟ್ಟು ಎಂಬುದು ಅದರ ಸಾರ. ವೇಗದ ಸಂಪರ್ಕಕ್ಕೆ ದೊಡ್ಡ ಗಂಟು, ನಿಧಾನದ್ದಕ್ಕೆ ಎರಡು ತುಂಡಿನ ಪುಟ್ಟ ಗಂಟು. 2018ರಲ್ಲಿ ಲಿನಕ್ಸಿಗೆ ಸೇರಿದ ಕೇಕ್ ಎಂಬ ಸರತಿ ನಿರ್ವಾಹಕ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಬಂತು. ಮನೆಯ ರೂಟರಿನಂಥ ಕಡೆ ಅದು ಗಂಟುಗಳನ್ನು ಬೇಕೆಂದೇ ಬಿಚ್ಚಿ, ಎಲ್ಲರ ತುಂಡುಗಳಿಗೂ ಸಮನಾಗಿ ಸರದಿ ಕೊಡುತ್ತದೆ. ಅಲ್ಲಿ ಪ್ರೊಸೆಸರಿನ ಶ್ರಮಕ್ಕಿಂತ ಕಾಯುವ ಮನುಷ್ಯನ ಹೊತ್ತು ಮುಖ್ಯ.

ಇನ್ನು 2019ರ ಜೂನ್ ತಿಂಗಳ ಸಂಗತಿ. ನೆಟ್‌ಫ್ಲಿಕ್ಸ್‌ನ ಜೊನಾಥನ್ ಲೂನಿ ಲಿನಕ್ಸಿನ ಟಿಸಿಪಿಯಲ್ಲಿ ಒಂದು ದೋಷ ಕಂಡುಹಿಡಿದು ಪ್ರಕಟಿಸಿದರು. ಅದಕ್ಕೆ ಸ್ಯಾಕ್ ಪ್ಯಾನಿಕ್ ಎಂದು ಹೆಸರು ಬಿತ್ತು. ಜಗತ್ತಿನ ಯಾವ ಮೂಲೆಯಿಂದಾದರೂ, ಪಾಸ್‌ವರ್ಡ್ ಇಲ್ಲದೆ, ಬರೀ ಜಾಣತನದಿಂದ ಜೋಡಿಸಿದ ಕೆಲವು ಪ್ಯಾಕೆಟ್ ಕಳಿಸಿ ಲಿನಕ್ಸ್ ಸರ್ವರನ್ನು ಕೆಡವಬಹುದಾಗಿತ್ತು. ಇದರ ಬೇರು ನೇರವಾಗಿ ನಮ್ಮ ಕತ್ತರಿಯಲ್ಲಿದೆ. ಅದನ್ನು ಬಿಡಿಸಿ ನೋಡುವುದು ಸಾರ್ಥಕ.

ಒಂದು ಕಡತದಲ್ಲಿ ಮೆಮೊರಿಯ 17 ತುಣುಕುಗಳವರೆಗೆ ಸೇರಿಸಬಹುದು. ಸಾಮಾನ್ಯ ಇಂಟೆಲ್ ಬಗೆಯ ಯಂತ್ರಗಳಲ್ಲಿ ಒಂದೊಂದು ತುಣುಕೂ 32 ಕಿಲೊಬೈಟ್‌ವರೆಗೆ ಇರಬಹುದು. ಗಂಟನ್ನು ಎಷ್ಟು ಭಾಗ ಮಾಡಬೇಕು ಎಂಬ ಸಂಖ್ಯೆಯನ್ನು ಕಡತದ ಮೇಲೆಯೇ ಬರೆದಿಟ್ಟಿರುತ್ತದೆ, 16 ಬಿಟ್ಟಿನ ಒಂದು ಚೌಕದಲ್ಲಿ. ಅದರಲ್ಲಿ 65535ರವರೆಗೆ ಬರೆಯಬಹುದು. 45 ಬರೆಯಬೇಕಾದ ಕಡೆ 65535ರ ಜಾಗ ಎಂದರೆ ಯಾರಿಗೂ ಅನುಮಾನ ಬರುವಂಥದ್ದಲ್ಲ.

ಆದರೆ ತುಂಡಿನ ಗಾತ್ರವನ್ನು ಎದುರು ಕಡೆಯವರೂ ಕೇಳಬಹುದು. ನನಗೆ ಇಷ್ಟಕ್ಕಿಂತ ದೊಡ್ಡ ತುಂಡು ಬೇಡ ಎಂದು ಹೇಳುವ ಹಕ್ಕು ಟಿಸಿಪಿಯಲ್ಲಿದೆ. ಲಿನಕ್ಸ್ ಒಪ್ಪುತ್ತಿದ್ದ ಕನಿಷ್ಠ ಗಾತ್ರ 48 ಬೈಟ್. ಅದರಲ್ಲಿ 40 ಬೈಟನ್ನು ಟಿಸಿಪಿಯ ಐಚ್ಛಿಕ ಮಾಹಿತಿ ನುಂಗಿದರೆ ಸರಕಿಗೆ ಉಳಿಯುವುದು 8. ಈಗ ದಾಳಿಗಾರ ಆ ಪುಟ್ಟ ಗಾತ್ರ ಕೇಳುತ್ತಾನೆ. ಬಳಿಕ ಸ್ಯಾಕ್ ಎಂಬ ಸೌಲಭ್ಯ ಬಳಸಿ, ನಡುನಡುವಿನ ತುಂಡುಗಳು ಮಾತ್ರ ತಲುಪಿವೆ ಎಂದು ಸುಳ್ಳು ರಸೀದಿ ಕಳಿಸುತ್ತಾನೆ. ತಲುಪಿದವುಗಳನ್ನು ಕರ್ನಲ್ ಒಟ್ಟುಗೂಡಿಸಿ ಒಂದೇ ಕಡತಕ್ಕೆ ಸೇರಿಸುತ್ತಾ ಹೋಗುತ್ತದೆ, ಅದೂ ಮೇಜಿನ ಶ್ರಮ ಉಳಿಸಲೆಂದೇ. ಕಡತ ತುಂಬುತ್ತದೆ. 17 ತುಣುಕು, ಒಂದೊಂದು 32768 ಬೈಟ್, 8ರಿಂದ ಭಾಗಿಸಿದರೆ 69632. ಚೌಕ ಹಿಡಿಯುವುದು 65535. ಎಣಿಕೆ ಸುತ್ತು ಹೊಡೆದು ಸಣ್ಣ ಅಂಕಿಗೆ ಬಿದ್ದಿತು. ಒಳಗಿರುವುದಕ್ಕಿಂತ ಹೊರಗೆ ಬರೆದದ್ದು ಕಡಿಮೆ ಎಂಬ ಅಸಂಭವ ಸ್ಥಿತಿ ಕಂಡ ಕರ್ನಲ್, ಮುಂದೆ ಹೋದರೆ ಇನ್ನೇನು ಕೆಡುವುದೋ ಎಂದು ತನ್ನನ್ನೇ ನಿಲ್ಲಿಸಿಕೊಂಡಿತು. ಸರ್ವರ್ ಬಿತ್ತು.

ಈ ದೋಷ 2.6.29ನೆಯ ಕರ್ನಲ್ಲಿನಿಂದಲೇ ಇತ್ತು. ಜಿಆರ್‌ಒ ಬಂದದ್ದೂ 2009ರ ಮಾರ್ಚಿನಲ್ಲಿ ಹೊರಬಂದ ಅದೇ ಆವೃತ್ತಿಯಲ್ಲಿ. ಹತ್ತು ವರ್ಷ ಕಾಲ ಅಸಂಖ್ಯ ಯಂತ್ರಗಳಲ್ಲಿ ಓಡುತ್ತಿದ್ದ ಸಾಲುಗಳಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಅದು ಕಾಣಬೇಕಾದರೆ ಕತ್ತರಿಯ ಎರಡೂ ತುದಿಯನ್ನು ಒಟ್ಟಿಗೆ ಯೋಚಿಸಬೇಕಿತ್ತು. ಅತಿ ದೊಡ್ಡ ಗಂಟು, ಅತಿ ಸಣ್ಣ ತುಂಡು. ದಿನನಿತ್ಯದ ಬಳಕೆಯಲ್ಲಿ ಅವೆರಡೂ ಎಂದೂ ಎದುರಾಗುವುದಿಲ್ಲ. ತಿದ್ದುಪಡಿ ಕೆಲವೇ ಸಾಲಿನದು. ಎಣಿಕೆ ಚೌಕ ಮೀರುವಂತಿದ್ದರೆ ಕೂಡಿಸಬೇಡ ಎಂದಷ್ಟೇ. ಕನಿಷ್ಠ ತುಂಡಿನ ಗಾತ್ರವನ್ನು ಆಡಳಿತಗಾರರು ಏರಿಸಿಕೊಳ್ಳಲು ಒಂದು ಹೊಸ ಗುಂಡಿಯನ್ನೂ ಕೊಟ್ಟರು. ಕಡೆಯ ಗಳಿಗೆಗೆ ಮುಂದೂಡಿದ ಕೆಲಸದ ಲೆಕ್ಕವನ್ನು ಆ ಗಳಿಗೆಯವರೆಗೆ ಯಾರಾದರೂ ಇಟ್ಟುಕೊಂಡೇ ಇರಬೇಕು. ಆ ಲೆಕ್ಕದ ಪುಸ್ತಕದಲ್ಲೇ ಇಲ್ಲಿ ತೂತು ಬಿದ್ದಿತ್ತು.

ಅದಾದ ಮೇಲೂ ಗಂಟು ಬೆಳೆಯುತ್ತಲೇ ಇದೆ. ವಿಡಿಯೊ ಮತ್ತು ಬ್ರೌಸರುಗಳ ಸಂಚಾರದ ಒಂದು ಪಾಲನ್ನು ಟಿಸಿಪಿ ಬದಲು ಯುಡಿಪಿ ಮೇಲೆ ಕೂತ ಕ್ವಿಕ್ ಎಂಬ ಸಾಗಣೆ ವಿಧಾನ ಹೊರತೊಡಗಿದಾಗ, ಯುಡಿಪಿಗೂ ಕತ್ತರಿ ಬೇಕಾಯಿತು. 2018ರ 4.18ನೆಯ ಕರ್ನಲ್ಲಿನಲ್ಲಿ ಅದು ಬಂತು. 100, 200 ಗಿಗಾಬಿಟ್ ಕಾರ್ಡುಗಳ ಕಾಲಕ್ಕೆ 64 ಕಿಲೊಬೈಟಿನ ಗಂಟೇ ಚಿಕ್ಕದೆನಿಸತೊಡಗಿತು. ಅದಕ್ಕಿಂತ ಮೇಲೇರಲು ಅಡ್ಡವಿದ್ದದ್ದು 1981ರ ಐಪಿ ಹೆಡರಿನಲ್ಲಿ ಉದ್ದ ಬರೆಯುವ ಜಾಗ. ಅದೂ 16 ಬಿಟ್, ಅದೇ 65535. ಕೇಬಲ್ಲಿನ ಮೇಲೆ 1500 ಮೀರದ ಲೋಕದಲ್ಲಿ, ಯಂತ್ರದ ಒಳಗೆ ಮಾತ್ರ ಇರುವ ಗಂಟಿಗೆ ಈ ಮಿತಿ ತಡೆಯಾಯಿತು.

2022ರ 5.19ನೆಯ ಕರ್ನಲ್ಲಿನಲ್ಲಿ ಡ್ಯುಮಾಜೆ ಮತ್ತು ಸಂಗಡಿಗರು ಬಿಗ್ ಟಿಸಿಪಿ ಎಂಬ ಹೆಸರಿನಲ್ಲಿ ಐಪಿಯ ಹೊಸ ಆವೃತ್ತಿಯಾದ ಐಪಿವಿ6ಗೆ ಆ ಗೆರೆ ದಾಟಿಸಿದರು. ದಾಟಿಸಲು ಬಳಸಿದ ಉಪಕರಣ ಹಳೆಯದು. 1999ರಲ್ಲಿ ಐಪಿವಿ6ಗೆ ಜಂಬೊಗ್ರಾಮ್ ಎಂಬ ವಿಸ್ತರಣೆ ರೂಪುಗೊಂಡಿತ್ತು. 65535 ಮೀರಿದ ಪ್ಯಾಕೆಟ್ಟಿಗೆ ಒಂದು ಹೆಚ್ಚುವರಿ ಹೆಡರ್ ಹಚ್ಚಿ, ಅದರಲ್ಲಿ 32 ಬಿಟ್ಟಿನಲ್ಲಿ ಉದ್ದ ಬರೆಯುವುದು. ಅಂಥ ಪ್ಯಾಕೆಟ್ ಹೊರುವ ಕೇಬಲ್ ಸಾಮಾನ್ಯ ಜಾಲಗಳಲ್ಲಿ ಇರಲೇ ಇಲ್ಲ. ಬಿಗ್ ಟಿಸಿಪಿ ಆ ಹೆಡರನ್ನು ತೆಗೆದು ದೊಡ್ಡ ಗಂಟಿನ ತಲೆಗೆ ಹಚ್ಚಿತು. ಹಚ್ಚುವುದರಿಂದ ಟಿಸಿಪಿಡಂಪ್‌ನಂಥ ತಂತ್ರಾಂಶಗಳಿಗೆ ಗಂಟಿನ ನಿಜವಾದ ಉದ್ದ ಓದಲು ಬರುತ್ತದೆ. ಗಂಟು ಎಲ್ಲ ಮೇಜು ದಾಟಿ ಕಾರ್ಡಿನ ಬಾಗಿಲಿಗೆ ಬಂದಾಗ ಚಾಲಕ ತಂತ್ರಾಂಶ ಆ ಹೆಡರನ್ನು ಕಳಚಿ ಪಕ್ಕಕ್ಕಿಡುತ್ತದೆ. ಅಲ್ಲಿಂದ ಮುಂದೆ ಕತ್ತರಿ, ಸಾಮಾನ್ಯ ತುಂಡುಗಳು, ಕೇಬಲ್ಲು. ಲೋಕದ ಉದ್ದಗಲಕ್ಕೆ ಓಡಾಡಲೆಂದು 1999ರಲ್ಲಿ ಬರೆದ ಹೆಡರ್ ಹೀಗೆ ದಿನಕ್ಕೆ ಎಷ್ಟೋ ಸಲ ಹುಟ್ಟಿ, ಒಂದು ಯಂತ್ರದ ಒಳಗೆ ನಾಲ್ಕು ಮೇಜು ದಾಟಿ, ಕೇಬಲ್ಲನ್ನು ಒಮ್ಮೆಯೂ ಮುಟ್ಟದೆ ಅಳಿಯುತ್ತಿದೆ.